ಐವತ್ತೈದರ ಜುಜೆ, ಮೂವತ್ತರ ಜುಜೆ

೧೯೮೩. ನಾನು ಹಳಿಯಾಳದಲ್ಲಿ ಮನೆ ಮಾಡಿಕೊಂಡು ಕ್ರಿಮಿನಲ್ ವಕೀಲಿ ನಡೆಸುತ್ತಿದ್ದೆ. ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆಯಿಂದಲೂ ಕಕ್ಷಿದಾರರು ಬರುತ್ತಿದ್ದರು. ನಾನು ಹೆಂಗಸು, ಹಾಗಾಗಿ ಅವರ ಬಾಯಲ್ಲಿ 'ಬಾಯಾರು'. ಈ ಪ್ರಕರಣ ಬೇಸಿಗೆಯದು ಎಂದು ನೆನಪು ಹೇಳುತ್ತದೆ. ನನ್ನ ಬಳಿ ಉಳಿದಿರುವ ಆದೇಶದ ನಕಲು ಜುಲೈ ಎನ್ನುತ್ತದೆ. ಇದನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ಹೇಳಿದಷ್ಟೂ ನುಣುಪಾಗಿದೆ. ಹಾಗೆ ನುಣುಪಾದ ಜಾಗ ಬಂದಾಗ ಓದುಗರಿಗೆ ತಿಳಿಸುತ್ತೇನೆ. ಊರು, ಕೋರ್ಟು ಯಾವುವೆಂದು ಬರೆಯುವುದಿಲ್ಲ. ಯಾಕೆಂಬುದು ಓದುತ್ತ ಹೋದರೆ ಗೊತ್ತಾಗುತ್ತದೆ.

ಜುಜೆ ಸಿದ್ದಿ ಜನಾಂಗದವನು, ಕ್ರೈಸ್ತ, ಮೂವತ್ತರ ಆಸುಪಾಸಿನವನು. ಮನೆಯ ತೊಲೆ ಮುರಿದಿತ್ತೆಂದು ಕಾಡಿನಿಂದ ಒಂದು ಮತ್ತಿಮರ ಕಡಿದು ತರುವಾಗ ಅರಣ್ಯ ಇಲಾಖೆಯವರಿಗೆ ಸಿಕ್ಕಿಬಿದ್ದಿದ್ದ. ಕಡಿದದ್ದು ನಿಜ. 'ಕಡದೇನ್ರಿ, ಇಲ್ಲ ಅನ್ನೂದ ಹೆಂಗ? ಮಾಡಿನ ಮ್ಯಾಲೇ ಐತಲ್ಲ' ಎಂದ. ಸಿಕ್ಕಿದ್ದು ಒಂದು ಮರ, ಸೂರಿಗೆ ತೊಲೆಯಾಗಿ ಆಗಲೇ ಏರಿದ್ದು ಇನ್ನೊಂದು ಎಂದು ನನಗೆ ಆಗ ತಿಳಿಯಿತು. ಬಾಯಿ ಮುಚ್ಚಿಕೊಂಡಿರು ಎಂದು ಹೇಳಿದೆ.

ನನ್ನ ಯೋಜನೆ ಸರಳವಾಗಿತ್ತು. ತಪ್ಪು ಒಪ್ಪಿಕೊಳ್ಳುವುದು, ದಂಡ ಪ್ರಕ್ರಿಯಾ ಸಂಹಿತೆಯ ೩೬೦ನೇ ಕಲಮಿನ ಕೆಳಗೆ ಬಿಡುಗಡೆ ಕೇಳುವುದು. ಮೊದಲ ಸಲ ತಪ್ಪು ಮಾಡಿದವನನ್ನು ಜೈಲಿಗೆ ಕಳಿಸದೆ, ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡಲು ಆ ಕಲಮು ಅವಕಾಶ ಕೊಡುತ್ತದೆ. ಅದಕ್ಕೊಂದು ಷರತ್ತು: ಹಿಂದೆ ಶಿಕ್ಷೆಯಾದದ್ದು ರುಜುವಾತಾಗಿರಬಾರದು.

ಜುಜೆ ತಪ್ಪೊಪ್ಪಿದ. ನಾನು ಬಿಡುಗಡೆ ಕೇಳಿದೆ. ಸರಕಾರಿ ವಕೀಲರು ಎದ್ದು, 'ಈತನಿಗೆ ಹಿಂದೆ ಎರಡು ಸಲ ಶಿಕ್ಷೆಯಾಗಿದೆ' ಎಂದು ಒಂದು ಕಾಗದ ಮುಂದಿಟ್ಟರು. ಹೊಸದಾಗಿ ಬಂದಿದ್ದ ರೇಂಜ್ ಅಧಿಕಾರಿ ತಮ್ಮ ಕಚೇರಿಯ ರಿಜಿಸ್ಟರಿನಿಂದ ತೆಗೆದು ಕಳಿಸಿದ ಮಾಹಿತಿ ಅದು. ಅದು ನಿಂತರೆ ಜುಜೆಗೆ ಮೂರು ತಿಂಗಳ ಜೈಲು ಖಚಿತ, ಅದೂ ನಾಟಿಯ ಹೊತ್ತಿನಲ್ಲಿ. ಅವನ ಹೆಂಡತಿ ಕತ್ರೀನ ಕೋರ್ಟಿನ ಬಾಗಿಲಲ್ಲೇ ನಿಂತಿದ್ದಳು.

'ಬಾಯಾರ, ನಾ ಈ ಕೋರ್ಟಿನ ಮೆಟ್ಟಲಾ ಹತ್ತಿದ್ದ ಇದ ಮೊದಲು' ಎಂದ ಜುಜೆ. ಹಾಗೆ ಹೇಳುವವರನ್ನು ನಾನು ಬಹಳ ನೋಡಿದ್ದೆ. ಹಳೆಯ ಕಡತ ಪರಿಶೀಲಿಸಲು ಸಮಯ ಕೇಳಿದೆ. ಮ್ಯಾಜಿಸ್ಟ್ರೇಟರು ಕೊಟ್ಟರು.

ಕೋರ್ಟಿನಿಂದ ಹಳೆಯ ದಾಖಲೆ ಪಡೆಯುವುದು ಹೇಗೆ ಎಂಬುದನ್ನು ಹೇಳಿಬಿಡುತ್ತೇನೆ. ಸ್ಟಾಂಪು ಹಚ್ಚಿ ನಕಲು ವಿಭಾಗಕ್ಕೆ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಕೇಸಿನ ನಂಬರು ಇರಬೇಕು. ನಂಬರು ಗೊತ್ತಿಲ್ಲದಿದ್ದರೆ ಮೊದಲು ಹುಡುಕಲು ಅನುಮತಿ ಕೇಳಿ ಬೇರೆ ಅರ್ಜಿ. ಸಣ್ಣ ಕೇಸುಗಳ ಕಡತಗಳನ್ನು ಕೆಲವು ವರ್ಷಗಳ ನಂತರ ನಾಶ ಮಾಡುತ್ತಾರೆ, ಆದ್ದರಿಂದ ತಡ ಮಾಡುವಂತಿಲ್ಲ. ಸರಕಾರಿ ಕಾಗದದಲ್ಲಿ ವರ್ಷ ಇತ್ತು, ನಂಬರು ಇರಲಿಲ್ಲ. ಕೋರ್ಟಿನ ಪಟ್ಟಿಯಲ್ಲಿ ಕೇಸು ಸಿಗುವುದು ಮೊದಲ ಆರೋಪಿಯ ಹೆಸರಿನಲ್ಲಿ. ಎರಡನೆಯವನೋ ಮೂರನೆಯವನೋ ಆಗಿದ್ದರೆ ಗಂಟು ಬಿಚ್ಚಿ ಹಾಳೆ ತಿರುವಬೇಕು. ತಿರುವಿದೆ. ರೆಕಾರ್ಡ್ ರೂಮಿನ ಗುಮಾಸ್ತರು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, 'ಅಕ್ಕಾರ, ಮೂಗಿಗೆ ಸೆರಗು ಹಿಡೀರಿ, ಆ ಗಂಟಿನ್ಯಾಗ ಇಲಿ ಸತ್ತಾವ' ಎಂದು ಉಪಕಾರ ಮಾಡಿದರು.

ಎರಡೂ ಸಿಕ್ಕವು. ಎರಡರಲ್ಲೂ ಜುಜೆಯ ಹೆಸರು, ತಂದೆಯ ಹೆಸರು, ಊರು ಸರಿಯಾಗಿತ್ತು. ಎರಡರಲ್ಲೂ ಆರೋಪಿ ಬೆಳಿಗ್ಗೆ ಹಾಜರಾಗಿ, ತಪ್ಪೊಪ್ಪಿ, ದಂಡ ಕಟ್ಟಿ ಹೋಗಿದ್ದ. ನನ್ನ ಕಕ್ಷಿದಾರ ಸುಳ್ಳು ಹೇಳಿದ ಎಂದು ಸಿಟ್ಟು ಬಂತು. ಆಮೇಲೆ ವಯಸ್ಸಿನ ಅಂಕಣ ನೋಡಿದೆ. ನಾಲ್ಕು ವರ್ಷದ ಹಿಂದಿನ ಕಡತದಲ್ಲಿ ಜುಜೆಗೆ ಐವತ್ತೈದು. ಅದಾದ ಎರಡು ವರ್ಷಕ್ಕೆ ಅರವತ್ತು. ಈಗ ಮೂವತ್ತು.

ನಕಲು ಕೈಗೆ ಬಂದ ಮೇಲೆ ಜುಜೆಯ ಊರಿಗೆ ಹೋದೆ. ಜುಜೆಗೆ ಓದಿ ಹೇಳಿದಾಗ ಅವನು ನೆಲ ನೋಡಿದ. ಕತ್ರೀನ ನಕ್ಕುಬಿಟ್ಟಳು.

'ಅದು ಮಿಂಗೇಲ ಮಾಮ ಅಲ್ಲೇನ್ರಿ! ಕರೀಲಿಕ್ಕ ಹೋಗೂದೇನೂ ಬ್ಯಾಡ, ಅಂವಾ ಆಗಲೇ ಬರಾಕತ್ತಾನ. ವಕೀಲರು ಬಂದಾರಂದ್ರ ಬಿಡ್ತಾನೇನು?'

ಮಿಂಗೇಲ ಜುಜೆಯ ಸೋದರಮಾವ. ಒಂದು ಕಾಲು ಸೊಟ್ಟ, ಹೊಲದ ಕೆಲಸ ಆಗದು. ಕೂತ ಕೂಡಲೇ, ಯಾರೂ ಕೇಳುವ ಮೊದಲೇ, ಹೇಳತೊಡಗಿದ.

'ವರ್ಷಾ ಮುಗಿಯೂ ಮುಂದ ಗಾರ್ಡ್ ಬರ್ತಿದ್ದ್ರಿ. ಎರಡು ಕೇಸ್ ಬೇಕ್ರಪಾ, ಮ್ಯಾಲಿನವರು ಕೇಳ್ತಾರ ಅಂತಿದ್ದ. ಕಟಗಿ ಎಲ್ಲಾರೂ ತರ್ತಾರ, ಯಾರ ಹೆಸರ ಕೊಡೂದು? ಪಾಳಿ ಮಾಡಿದಿವಿ. ಈ ವರ್ಷ ಈ ಮನಿ, ಮುಂದಿನ ವರ್ಷ ಆ ಮನಿ. ದಂಡಾ ಊರೆಲ್ಲಾ ಕೂಡಿ ಕೊಡೂದು.'

'ಹೆಸರು ಅವರದು. ನಿಂತವರು ನೀವ್ಯಾಕ?'

'ದುಡಿಯೂ ಮನಶ್ಯಾ ಒಂದ ದಿನಾ ಕಳಕೋಬೇಕೇನ್ರಿ? ನಾ ಹೆಂಗಾದ್ರೂ ಕುಂತಾಂವ. ಅಲ್ಲೆ ಹೋಗಿ ನಿಲ್ಲತೇನಿ. ಸಾಹೇಬ್ರು ಕೇಳ್ತಾರ, ಹೌದ್ರಿ ಅಂತೇನಿ. ಒಮ್ಮೆ ನನ್ನ ತಮ್ಮನ ಹೆಸರಿಗೂ ಹೌದ್ರಿ ಅಂದು ಬಂದೇನಿ, ಅಂವಾ ಸತ್ತು ವರ್ಷ ಆಗಿತ್ತು.'

ಮಿಂಗೇಲ ಹೇಳಿದ ಪ್ರತಿಯೊಂದು ಕೇಸೂ ಚೊಕ್ಕ ಕಥೆಯಾಗಿತ್ತು. ಮಳೆ, ಬಸ್ಸು, ಯಾವ ಸಾಹೇಬರು ಏನೆಂದರು, ಎಲ್ಲವೂ ಇತ್ತು. ನನ್ನ ಕೈಯಲ್ಲಿದ್ದ ನಕಲಿನ ತಾರೀಖಿಗೆ ಒಂದೂ ಹೊಂದಲಿಲ್ಲ. ಆದರೂ ನಿಂತವನು ಅವನೇ. ತಾರೀಖು ಸರಿಯಿದ್ದ ಕಾಗದ ಮನುಷ್ಯನ ವಿಷಯದಲ್ಲಿ ತಪ್ಪಿತ್ತು, ತಾರೀಖು ತಪ್ಪಿದ ಮುದುಕ ಮನುಷ್ಯನ ವಿಷಯದಲ್ಲಿ ಸರಿಯಿದ್ದ.

ಸಂಕಟ ಇದು. ವಯಸ್ಸಿನ ಅಂಕಣ ತೋರಿಸಿ 'ಇವನು ಅವನಲ್ಲ' ಎಂದು ನಾನು ವಾದಿಸಿದರೆ, 'ಹಾಗಾದರೆ ನಿಂತವನು ಯಾರು' ಎಂಬ ಪ್ರಶ್ನೆ ಏಳುತ್ತದೆ. ಇನ್ನೊಬ್ಬನ ಹೆಸರಿನಲ್ಲಿ ಕೋರ್ಟಿನಲ್ಲಿ ನಿಂತು ಒಪ್ಪಿಗೆ ಕೊಡುವುದಕ್ಕೆ ಮೂರು ವರ್ಷದವರೆಗೆ ಶಿಕ್ಷೆಯಿದೆ. ಇದನ್ನು ಹೇಳಿದೆ.

ಮಿಂಗೇಲ ಯೋಚಿಸಿದ. 'ಹಂಗಾರ ಹಿಂಗ ಮಾಡೂಣು. ಈಗ ಜೈಲ್ ಆಗೂದು ಯಾರಿಗ್ರಿ, ಜುಜೆಗೆ? ಜುಜೆ ಅಂತ ನಾನ ಹೋಗ್ತೇನಿ. ರೂಢಿ ಐತಲ್ಲ.'

'ಮಾಮ, ಸುಮ್ಮ ಕುಂದ್ರು' ಎಂದ ಜುಜೆ. ನನ್ನ ಕಡೆ ತಿರುಗಿ, 'ಮಾಮನ ಹೆಸರು ಬರೂದಾದ್ರ ನಾ ಮೂರು ತಿಂಗಳಾ ಕುಂತ ಬರ್ತೇನ್ರಿ. ಬರಕೋರಿ.'

'ಇಬ್ಬರೂ ಹೋಗ್ರಿ' ಎಂದಳು ಕತ್ರೀನ. 'ಅಲ್ಲಿ ಕುಂತು ನಾ ಮುಂದ, ನೀ ಮುಂದ ಅನ್ರಿ. ನಾಟಿ ನಾ ಮಾಡ್ತೇನಿ, ತೊಲಿನೂ ನಾನ ಹೊತಗೊಂಡ ನಿಲ್ಲತೇನಿ.'

ದಾರಿ ನನಗೆ ಹಳಿಯಾಳಕ್ಕೆ ಮರಳುವ ಬಸ್ಸಿನಲ್ಲಿ ಹೊಳೆಯಿತು ಎಂದು ಹೇಳುತ್ತ ಬಂದಿದ್ದೇನೆ. ಅದು ನುಣುಪಾದ ಜಾಗ. ಬಹುಶಃ ಪುಸ್ತಕ ತೆರೆದಾಗ ಕಂಡಿತು. ಅದೇ ಸಂಹಿತೆಯ ೨೯೮ನೇ ಕಲಮು: ಹಿಂದಿನ ಶಿಕ್ಷೆಯನ್ನು ಕೋರ್ಟಿನ ದೃಢೀಕೃತ ನಕಲಿನಿಂದ ರುಜುವಾತು ಮಾಡಬಹುದು, ಆದರೆ ಆಗ ಶಿಕ್ಷೆಯಾದವನೂ ಈಗ ನಿಂತವನೂ ಒಬ್ಬನೇ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. ಆ ಸಾಕ್ಷ್ಯ ತರುವುದು ಸರಕಾರದ ಕೆಲಸ. 'ಇವನಿಗೆ ಶಿಕ್ಷೆಯಾಗಿಲ್ಲ' ಎಂದು ನಾನು ಹೇಳಬೇಕಾಗಿಯೇ ಇರಲಿಲ್ಲ. ಕೋರ್ಟಿಗೆ ಸುಳ್ಳು ಹೇಳುವುದು ನನ್ನಿಂದ ಆಗದು, ಮಿಂಗೇಲನನ್ನು ಒಪ್ಪಿಸುವುದೂ ಆಗದು. ಎರಡೂ ಬೇಡವಾಯಿತು. ಆ ಸಾಕ್ಷ್ಯ ಎಲ್ಲಿ ಎಂದು ಕೇಳಿದರೆ ಸಾಕಿತ್ತು.

ಮುಂದಿನ ತಾರೀಖಿಗೆ ಕೇಳಿದೆ. ಹಿಂದಿನ ಎರಡೂ ಕೇಸು ಹಾಕಿದ್ದ ಗಾರ್ಡಿಗೆ ಸಮನ್ಸ್ ಹೋಯಿತು. ಅವರು ಅಷ್ಟರಲ್ಲಿ ರಾಮನಗರದ ಕಡೆಗೆ ವರ್ಗವಾಗಿದ್ದರು. ಕೋರ್ಟಿನ ಪಡಸಾಲೆಯಲ್ಲಿ ನನ್ನನ್ನು ತಡೆದರು.

'ಬಾಯಾರ, ಏನ್ರಿ ಇದು, ನನ್ನ ಯಾಕ ಎಳೀತೀರಿ?'

'ನಾನು ಎಳೆದಿಲ್ಲ, ಸರಕಾರ ಎಳೆದಿದೆ. ಕಟಕಟೆ ಹತ್ತಿ ಪ್ರಮಾಣ ಮಾಡ್ರಿ. ಆಗ ನೀವು ತಂದು ನಿಲ್ಲಿಸಿದ ಮನುಷ್ಯಾ ಇವನಾ ಏನು, ಖರೇ ಇದ್ದದ್ದ ಹೇಳ್ರಿ. ನಾ ಮತ್ತೇನೂ ಕೇಳೂದಿಲ್ಲ.'

ಅವರು ಬೆಂಚಿನ ಕಡೆ ನೋಡಿದರು. ಅಲ್ಲಿ ಜುಜೆ ಕೂತಿದ್ದ. ನಾನು ಬರಬೇಡ ಎಂದಿದ್ದರೂ ಪಕ್ಕದಲ್ಲಿ ಮಿಂಗೇಲ ಕೂತಿದ್ದ, ತೊಳೆದ ಅಂಗಿ ಹಾಕಿಕೊಂಡು, ಪರಿಚಯದವರಿಗೆಲ್ಲ ನಮಸ್ಕಾರ ಮಾಡುತ್ತ. ಗಾರ್ಡಿಗೂ ಮಾಡಿದ.

ಕಟಕಟೆಯಲ್ಲಿ ಗಾರ್ಡ್ ಹೇಳಿದ್ದು ಒಂದೇ ಮಾತು: 'ಆಗಿನ ಆರೋಪಿ ಈತನೇ ಎಂದು ನಾನು ಗುರುತು ಹೇಳಲಾರೆ.' ಸರಕಾರಿ ವಕೀಲರು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಮ್ಯಾಜಿಸ್ಟ್ರೇಟರು ನಕಲನ್ನು ಓದಿದರು, ಜುಜೆಯನ್ನು ನೋಡಿದರು. ಇಲ್ಲಿ ಅವರು ನಕ್ಕರು ಎಂದು ನಾನು ಹೇಳುವುದುಂಟು. ಆದೇಶದ ನಕಲಿನಲ್ಲಿ ನಗು ಇಲ್ಲ. 'ಗುರುತು ರುಜುವಾತಾಗಿಲ್ಲ' ಎಂದಿದೆ, ಮತ್ತು ಜುಜೆಯನ್ನು ಮುಚ್ಚಳಿಕೆಯ ಮೇಲೆ ಬಿಡಲಾಗಿದೆ. ಸಂಜೆಯ ಬಸ್ಸಿಗೆ ಗಂಡ ಹೆಂಡತಿ ಊರಿಗೆ ಹೋದರು.

ಪಾಳಿ ನಿಲ್ಲಿಸಿ ಎಂದು ಊರಿನವರಿಗೆ ಖಡಾಖಂಡಿತವಾಗಿ ಹೇಳಿದೆ. ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರಿನಲ್ಲಿ ಏನಿದೆ ಎಂದು ಹುಡುಕಿಸಿಕೊಂಡರು. ಈ ವೃತ್ತಿ ನನಗೆ ಕಲಿಸಿದ್ದು ಇದನ್ನೇ. ಹಳೆಯ ಶಿಕ್ಷೆಯ ಮಾತು ಬಂದರೆ ಮೊದಲು ನಕಲು ತರಿಸುತ್ತೇನೆ. ತರಿಸಿದ ಮೇಲೆ ಕಲಮಿಗಿಂತ ಮೊದಲು ಮನುಷ್ಯನನ್ನು ಓದುತ್ತೇನೆ: ವಯಸ್ಸು, ಕಸುಬು, ಸಹಿಯೋ ಹೆಬ್ಬೆಟ್ಟೋ. ಕೋರ್ಟು ಹೆಸರನ್ನು ಕಾಪಾಡಿಕೊಂಡು ಬರುತ್ತದೆ. ಆ ಹೆಸರಿನಲ್ಲಿ ಯಾರು ಬಂದಿದ್ದರು ಎಂಬುದನ್ನು ಯಾರಾದರೂ ಕೇಳಬೇಕಾಗುತ್ತದೆ.

ಕೊನೆಗೆ ಮಿಂಗೇಲನೂ ಬಂದ. ತನ್ನದೂ ಒಂದು ನಕಲು ಬೇಕೆಂದು ಹಟ ಹಿಡಿದ. ಅರ್ಜಿ ಹಾಕಿದೆ. ಈ ಹೆಸರಿನ ಯಾವ ಪ್ರಕರಣವೂ ಕಂಡುಬಂದಿಲ್ಲ ಎಂಬ ಷರಾದೊಂದಿಗೆ ಅರ್ಜಿ ಹಿಂದೆ ಬಂತು. ಓದಿ ಹೇಳಿದೆ.

'ಒಂದೂ ಇಲ್ಲೇನ್ರಿ?' ಎಂದ.

'ಒಂದೂ ಇಲ್ಲ.'

ಕಾಗದ ಈಸಿಕೊಂಡು ಹಿಂದೆ ಮುಂದೆ ತಿರುವಿ ನೋಡಿದ. 'ಇಷ್ಟ ವರ್ಷ ಹೋಗಿ ಬಂದೇನಲ್ರಿ ಬಾಯಾರ' ಎಂದ. ಆ ಕಾಗದ ತನಗೆ ಬೇಡವೆಂದು ನನ್ನ ಮೇಜಿನ ಮೇಲೇ ಬಿಟ್ಟು ಹೋದ.