ಎರಡು ನಿಮಿಷದ ಪಾಠ

ದೊಡ್ಡಾಸ್ಪತ್ರೆಯಲ್ಲಿ ಕಸ ಗುಡಿಸುವ ಅಕ್ಕನ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಪೊರಕೆ ಹಿಡಿದು ಡಾಕ್ಟರ ಬಾಗಿಲಿಗೂ ರೋಗಿಗಳ ಸಾಲಿಗೂ ಎಡತಾಕುತ್ತ, ಸಿಕ್ಕ ಸಿಕ್ಕ ಅಜ್ಜಿಗೆಲ್ಲ ಅದೇ ಪಾಠ ಹೇಳುತ್ತಾಳೆ: "ಒಳಗೆ ಎರಡೇ ನಿಮಿಷ ಕಣಜ್ಜಿ. ನೋವು ಎಲ್ಲಿ, ಎಷ್ಟು ದಿನದಿಂದ, ಅಷ್ಟೇ ಹೇಳು. ಸೊಸೆ ಪುರಾಣ ಆಮೇಲೆ ನನ್ ಹತ್ರ ಬಿಚ್ಚು." "ನೀನೇ ದೊಡ್ಡ ಡಾಕ್ಟ್ರು ಬಿಡಮ್ಮ," ಎನ್ನುತ್ತಾಳೆ ಅಜ್ಜಿ. ಕಾರಿನಲ್ಲಿ ಬಂದವರು ಒಳಗೆ ಅರ್ಧ ಗಂಟೆ ಕೂತರೆ ಅಕ್ಕನ ಪೊರಕೆ ಆ ಹೊಸಿಲನ್ನೇ ಮತ್ತೆ ಮತ್ತೆ ಗುಡಿಸುತ್ತದೆ. ಅವಳ ಅಮ್ಮ ಇದೇ ಡಾಕ್ಟರ ಮುಂದೆ ಕೂತು, ಮಗಳ ಮದುವೆಯಿಂದ ಮಾತು ಶುರುಮಾಡಿದ್ದಳು. ಎದೆನೋವಿಗೆ ಬರುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ವಾರ ತುಂಬುವುದರೊಳಗೆ ಅಮ್ಮ ಇರಲಿಲ್ಲ. ಅಜ್ಜಿ ಚೀಟಿ ಹಿಡಿದು ಹೊರಬಂದಾಗ ಅಕ್ಕ ಪೊರಕೆಯನ್ನು ಗೋಡೆಗೊರಗಿಸಿ ಪಕ್ಕದಲ್ಲಿ ಕೂರುತ್ತಾಳೆ. "ಈಗ ಹೇಳಜ್ಜಿ, ಮೊದಲಿಂದ."