ಎಳೆ ಹರಿದರೆ ಸೊಸೆಯ ಕಾಲ್ಗುಣವೇ?

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆ ಮತ್ತೆ ಹರಿಯಿತು. ಬಾಗಿಲಲ್ಲಿ ಕುಳಿತಿದ್ದ ನೆರೆಮನೆಯ ಶಾಂತವ್ವ ಎಲ್ಲರಿಗೂ ಕೇಳುವಂತೆ ನನಗೆ ಹೇಳಿದಳು: "ಹೊಸಾ ಸೊಸಿ ಬಂದಾಗಿಂದ ನಿಮ್ಮ ಮಗ್ಗ ನೆಟ್ಟಗಿಲ್ಲ ನೋಡ ಬೇ. ಕಾಲ್ಗುಣ ಛಲೋ ಇಲ್ಲ."

ನನ್ನ ಮೊಮ್ಮಗನ ಹೆಂಡತಿ ರೇಣುಕಾ ಮದುವೆಯಾಗಿ ಬಂದು ವಾರವೂ ಆಗಿರಲಿಲ್ಲ. ರಬಕವಿಯ ನಮ್ಮ ನೇಕಾರರ ಓಣಿಯಲ್ಲಿ ಇಂಥ ಮಾತು ಒಮ್ಮೆ ಅಂಟಿಕೊಂಡರೆ ಜನ್ಮವಿಡೀ ಬಿಡುವುದಿಲ್ಲ. ಮನೆಯವರೆಲ್ಲ ಹಿರಿಯಳಾದ ನನ್ನ ಮುಖ ನೋಡಿದರು.

ರೇಣುಕಾ ಎಳೆಗೆ ಗಂಟು ಹಾಕುತ್ತಲೇ ಶಾಂತವ್ವನನ್ನು ಕೇಳಿದಳು: "ಕಾಕೂ, ನಿಮ್ಮ ಮಗ್ಗದಾಗ ಎಳಿ ಹರಿಯಾಕತ್ತಿಲ್ಲೇನ್ರಿ?"

"ಹರಿಯಾಕತ್ತಾವ ಬಿಡವಾ. ಈ ಬ್ಯಾಸಗಿ ಒಣಗಾಳಿಗೆ ಯಾರ ಮನ್ಯಾಗ ಹರಿಯೂದಿಲ್ಲ?"

"ಹಂಗಾದ್ರ ನಿಮ್ಮನಿಗೆ ಯಾವ ಸೊಸಿ ಬಂದಾಳ್ರಿ?"

ಶಾಂತವ್ವ ತನ್ನ ಮಗನಿಗೆ ಇನ್ನೂ ಹೆಣ್ಣು ಹುಡುಕುತ್ತಿದ್ದಾಳೆ. ಅವಳೇ ಮೊದಲು ನಕ್ಕಳು. "ನಿನಗ ತಂಗಿ ಇದ್ರ ಹೇಳವಾ, ನಮ್ಮ ಹುಡುಗಗ ತಗೋತೇನಿ" ಎಂದಳು. ಎಲ್ಲರೂ ನಕ್ಕೆವು. ನಾನು ಎದ್ದು ಮಗ್ಗದ ಸುತ್ತ ನೆಲಕ್ಕೆ ನೀರು ಚಿಮುಕಿಸಿದೆ. ತೇವ ಇದ್ದರೆ ಎಳೆ ಹರಿಯುವುದು ಕಡಿಮೆ. ಇದು ನನಗೆ ಹುಡುಗಿಯಾಗಿದ್ದಾಗಿನಿಂದ ಗೊತ್ತು.

ನಾನು ಸಾಲೆ ಕಲಿತದ್ದು ಅಷ್ಟಕ್ಕಷ್ಟೆ. ಆದರೆ ಈಗ ಯಾರಾದರೂ ಇಂಥವರಿಂದ ಇಂಥದ್ದಾಯಿತು ಎಂದರೆ, "ಅವರಿಲ್ಲದ ಮನ್ಯಾಗ ಹಂಗ ಆಗಿಲ್ಲೇನು?" ಎಂದು ಮೊದಲು ಕೇಳುತ್ತೇನೆ. ಅರ್ಧ ಜನ ಅಲ್ಲೇ ಎದ್ದು ಹೋಗುತ್ತಾರೆ. ಉಳಿದವರಿಗೆ ಚಹಾ ಕೊಡುತ್ತೇನೆ.