ಬಿಳಿ ಬಾವುಟಗಳ ಈಚೆ

ಐರ್ಲೆಂಡಿನ ಲಿಮೆರಿಕ್ ಹೊರವಲಯದ ನಮ್ಮ ಮನೆಯ ಮುಂದೆ ಕಿರಿದಾದ ರಸ್ತೆ, ಅದರಾಚೆ ರೈತನೊಬ್ಬನ ಹುಲ್ಲುಗಾವಲು. ಫೆಬ್ರವರಿಯಲ್ಲಿ ನಮ್ಮ ನಾಯಿ ಗಿಡಗಳ ಬೇಲಿಯ ಸಂದಿನಲ್ಲಿ ನುಸುಳಿ ಹೋಗಿ ಅವನ ಗಬ್ಬದ ಕುರಿಗಳನ್ನು ಅಟ್ಟಾಡಿಸಿತು. ಗಾಯವಾಗಲಿಲ್ಲ. ರೈತ ನಾಯಿಯನ್ನು ಹಗ್ಗ ಕಟ್ಟಿ ಕರೆತಂದು ಒಪ್ಪಿಸಿದ. ದನಿ ಏರಿಸಲಿಲ್ಲ. "ಮರಿ ಹಾಕುವ ಕಾಲ ಇದು. ಇನ್ನೊಮ್ಮೆ ಕುರಿಗಳ ನಡುವೆ ಕಂಡರೆ ಗುಂಡು ಹಾರಿಸಬೇಕಾಗುತ್ತದೆ," ಎಂದ. ಕಾನೂನೂ ಅವನ ಕಡೆಗಿತ್ತು.

ಆ ವಾರವೇ ಅಂಗಳದ ಸುತ್ತ ನೆಲದಡಿಯಲ್ಲಿ ತಂತಿ ಹೂಳಿಸಿದೆವು. ನಾಯಿಯ ಕೊರಳಪಟ್ಟಿ ತಂತಿಯ ಹತ್ತಿರ ಬಂದರೆ ಮೊದಲು ಬೀಪ್ ಅನ್ನುತ್ತದೆ. ಮುಂದೆ ಹೋದರೆ ಶಾಕ್. ಗಡಿ ಗುರುತಾಗಲೆಂದು ಬಿಳಿ ಬಾವುಟಗಳನ್ನು ನೆಟ್ಟಿದ್ದರು. ದಿನವೂ ಹೆಂಡತಿ ಆಸ್ಪತ್ರೆಯ ಕೆಲಸಕ್ಕೆ ಹೋದ ಮೇಲೆ ನಾನು ನಾಯಿಯನ್ನು ಹಗ್ಗದಲ್ಲಿ ಬಾವುಟದವರೆಗೆ ನಡೆಸುತ್ತಿದ್ದೆ. ಬೀಪ್ ಕೇಳಿದೊಡನೆ "ಬೇಡ, ಬಾ" ಎಂದು ಹಿಂದೆ ಕರೆದು ತಿಂಡಿ ಕೊಡುತ್ತಿದ್ದೆ. ತಂತಿ ಹಾಕಿದವನು ಒಂದು ಮಾತು ಒತ್ತಿ ಹೇಳಿದ್ದ: ಗಡಿಯಾಚೆ ನಿಂತು ಯಾರೂ ಅದನ್ನು ಕರೆಯಬಾರದು.

ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಇದನ್ನು ನಾನು ಹೇಳಿರಲಿಲ್ಲ. ಹಗ್ಗ ಬಿಚ್ಚಿದ ಮೊದಲ ದಿನ ಅವಳು ಹಾಲನ್ನ ಕಲಸಿ, ನಮ್ಮ ಬೀದಿಯ ರೂಢಿಯಂತೆ ಗೇಟಿನಾಚೆ ಇಟ್ಟು "ಬಾರೋ" ಎಂದು ಕರೆದಳು. ನಾಯಿ ಓಡಿತು, ಕಿರುಚಿತು, ಓಡಿದ ಭರದಲ್ಲೇ ಗಡಿ ದಾಟಿ ರಸ್ತೆಗೆ ಬಿತ್ತು. ಅನ್ನ ಮುಟ್ಟಲಿಲ್ಲ. ನಾನು ಒಳಗಿನಿಂದ ಕರೆದರೆ ನಡುಗುತ್ತ ಹಿಂದೆ ಸರಿಯಿತು, ಹುಲ್ಲುಗಾವಲಿನ ಕಡೆಗೆ.

"ಹೀ ಕಾಂಟ್ ಕಮ್ ಬ್ಯಾಕ್, ಅಜ್ಜಿ!" ಎಂದು ಮಗಳು ಅತ್ತಳು. ಒಳಗೆ ಬರಲೂ ಅದೇ ತಂತಿ ದಾಟಬೇಕಿತ್ತು.

ಅಮ್ಮ ರಸ್ತೆಯಲ್ಲೇ ಕೂತಳು. ನಾಯಿ ತೆವಳುತ್ತ ಬಂದು ಅವಳ ಮಡಿಲಿಗೆ ತಲೆ ಇಟ್ಟಿತು. ನಾನು ಪಟ್ಟಿ ಬಿಚ್ಚಿ, ಅದನ್ನು ಎತ್ತಿಕೊಂಡು ಒಳಗೆ ಬಂದೆ.

"ನಾಯಿಗೆ ಗೇಟಿನಾಚೆ ತಾನೆ ಕಣೋ ಹಾಕೋದು? ನಮ್ಮನೇಲಿ ಯಾವತ್ತಾದ್ರೂ ಒಳಗೆ ಹಾಕಿದ್ದು ನೋಡಿದೀಯಾ?"

"ಇಲ್ಲಿ ಆಚೆ ಹೋದ್ರೆ ಸಾಯ್ತಾನೆ ಅಮ್ಮ."

ತರಬೇತಿಯನ್ನು ಮೊದಲಿನಿಂದ ಶುರುಮಾಡಿದೆವು. ಕೆಲವು ದಿನ ನಾಯಿ ಹೊಸ್ತಿಲು ಬಿಟ್ಟು ಇಳಿಯಲೇ ಇಲ್ಲ. ಅಮ್ಮ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಕೋಟಿನ ಮೇಲೆ ಶಾಲು ಹೊದ್ದು, ಅದು ತಾನಾಗಿ ಬರುವವರೆಗೆ ಕಾಯುತ್ತಿದ್ದಳು. ಬಂದಾಗ ಕೈಯಿಂದಲೇ ತಿನ್ನಿಸುತ್ತಿದ್ದಳು. ನಾಯಿ ಅವಳ ಹಿಂದೆಯೇ ತಿರುಗತೊಡಗಿತು. ನನ್ನ ಆತಂಕ ಹೆಚ್ಚಿತು: ಅವಳು ಊರಿಗೆ ಹೊರಡುವ ದಿನ ಅದು ಗಡಿಯೊಳಗೆ ನಿಲ್ಲುತ್ತದೆಯೇ?

ಆ ದಿನ ಕಾರು ರಸ್ತೆಯಲ್ಲಿತ್ತು. ಆಚೆ ಕುರಿಗಳ ಜೊತೆ ಮರಿಗಳೂ ಇದ್ದವು. ಅಮ್ಮ ಒಳಗೇ ನಾಯಿಯ ತಲೆ ಸವರಿ, ಒಂದು ಮಾತೂ ಆಡದೆ ಹೊರಟಳು. ಹೋಗಿ ಬರ್ತೀನಿ ಅನ್ನಲಿಲ್ಲ. ತನ್ನ ದನಿ ಕೇಳಿದರೆ ಬಂದುಬಿಡುತ್ತದೆ ಎಂಬ ಭಯ. ನಾಯಿ ಬಾವುಟದವರೆಗೆ ಹಿಂಬಾಲಿಸಿತು. ಬೀಪ್ ಕೇಳಿಸಿತು.

ಅಮ್ಮ ಕಾರಿನಲ್ಲಿ ಕೂತು ನೇರ ರಸ್ತೆಯನ್ನೇ ನೋಡುತ್ತಿದ್ದಳು.

"ನಿಂತ್ನೇನೋ?" ಎಂದು ಪಿಸುಗುಟ್ಟಿದಳು.

"ನಿಂತಿದಾನೆ ಅಮ್ಮ."

"ಸರಿ. ಬೇಗ ನಡಿ."